ಮೇಜಿನ ಮೇಲಿಟ್ಟ ಕೈ

ಮೂವತ್ತೊಂದನೇ ನಂಬರಿನ ಹೆಂಗಸು ಸುಳ್ಳು ಹೇಳುವವಳಲ್ಲ ಎಂಬುದು ಹರಿಣಿಗೆ ಅಂಧೇರಿಯಲ್ಲಿ ಮೆಟ್ರೋ ಹತ್ತುವಾಗಲೇ ಖಾತ್ರಿಯಾಗಿತ್ತು. ಯಂತ್ರವೂ ಸುಳ್ಳು ಹೇಳುವುದಿಲ್ಲವಲ್ಲ, ತಲೆಬಿಸಿಯಾದದ್ದು ಅದಕ್ಕೇ. ಆಸ್ಪತ್ರೆಯ ದೊಡ್ಡ ಡಾಕ್ಟರು ಅಮೋಲ್ ಸರ್ ಐವತ್ತು ಸಂಧಿವಾತದ ರೋಗಿಗಳ ಮೇಲೆ ನಡೆಸುತ್ತಿದ್ದ ಅಧ್ಯಯನದ ಫೈಲಿನಲ್ಲಿ ಪಕ್ಕಪಕ್ಕ ಎರಡು ಅಂಕಣ. ಒಂದರಲ್ಲಿ ರೋಗಿ ತಾನೇ ಹೇಳಿದ ನೋವು, ಸೊನ್ನೆಯಿಂದ ಹತ್ತರೊಳಗೆ. ಇನ್ನೊಂದರಲ್ಲಿ ಅಲ್ಟ್ರಾಸೌಂಡಿನಲ್ಲಿ ಹರಿಣಿ ಕಂಡ ಕೀಲಿನ ಬಾವು, ಅದಕ್ಕೂ ಒಂದು ಅಂಕೆ. ಮೂವತ್ತೊಂದನೇ ನಂಬರು ಕಸ್ತೂರಿಬಾಯಿ; ಆಕೆಯ ಹೆಸರಿನ ಮುಂದೆ ಎಂಟು, ಸೊನ್ನೆ. ಮೂರು ತಿಂಗಳ ಮೇಲೆ ಮತ್ತೆ ಎಂಟು, ಸೊನ್ನೆ. ಇವತ್ತು ಮೂರನೇ ಸಲ. ಇವತ್ತೂ ಸೊನ್ನೆ ಬಂದರೆ ಸಂಧಿವಾತದ ಗುಳಿಗೆ ನಿಲ್ಲಿಸಿಬಿಡೋಣ, ಮನಸ್ಸಿಗೆ ಅಂತ ಕೊಡುತ್ತಿರುವ ಆ ಚಿಕ್ಕ ಗುಳಿಗೆಯೊಂದೇ ಸಾಕು ಎಂದು ಅಮೋಲ್ ಸರ್ ಹೋದ ವಾರವೇ ಹೇಳಿದ್ದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾಯಿಲೆ ಇಲ್ಲದ ಕೀಲಿಗೆ ಅಷ್ಟು ಖಾರದ ಔಷಧಿ ಯಾಕೆ? ಆದರೂ ನಿನ್ನೆ ಊಟಕ್ಕೆ ಕೂತಾಗ ಆ ಎಂಟು ಎನ್ನುವ ಅಂಕೆ ಹರಿಣಿಯ ತಟ್ಟೆಯ ಪಕ್ಕದಲ್ಲೇ ಬಂದು ಕೂತಿತ್ತು. ಘಾಟ್ಕೋಪರ್ ಬರುವವರೆಗೂ ಅವಳು ಲೇಡೀಸ್ ಡಬ್ಬಿಯ ಕಂಬಿಗೆ ಜೋತುಬಿದ್ದು, ಯಾರದೋ ಟಿಫಿನ್ ಚೀಲ ಬೆನ್ನಿಗೆ ತಿವಿಯುತ್ತಿದ್ದರೂ, ಅದನ್ನೇ ಯೋಚಿಸುತ್ತಿದ್ದಳು.

ಹತ್ತು ಅಂತ ಬಾಯಿಬಿಟ್ಟಿದ್ದರೆ ಬಿಡಬಹುದಿತ್ತು. ಹತ್ತು ಹೇಳುವವರು ಬೇಕಾದಷ್ಟು ಮಂದಿ. ಸೊನ್ನೆಯಿಂದ ಹತ್ತರ ತನಕ ಗುರುತು ಹಾಕಿ ಪ್ಲಾಸ್ಟಿಕ್ ಹೊದಿಸಿದ ಆ ಗೆರೆಯ ಕಾಗದ ಕೈಗೆ ಬಂತೋ ಇಲ್ಲವೋ, ಹತ್ತರ ಮೇಲೆ ಬೆರಳಿಟ್ಟು, ಹನ್ನೊಂದು ಇಲ್ವಾ ಮೇಡಂ ಎಂದು ಕೇಳುವವರು. ಕಸ್ತೂರಿಬಾಯಿ ಹಾಗಲ್ಲ. ಮೊದಲನೇ ಸಲ ಬಂದಾಗ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದರಾಗ ಹತ್ತು ಅಂದ್ರ ಏನ್ರಿ ಅಂತ ಕೇಳಿದ್ದಳು. ತಡೆಯಲಾರದಷ್ಟು ನೋವು ಎಂದು ಹರಿಣಿ ತನಗೆ ಬಂದ ಮುಂಬೈ ಕನ್ನಡದಲ್ಲಿ ತಿಳಿಸಿ ಹೇಳಿದಾಗ, "ಹಂಗಾದ್ರ ಹತ್ತು ಅಲ್ರಿ. ಹತ್ತು ಆಗಿದ್ರ ರೊಟ್ಟಿ ಬಡಿಯಾಕ ಆಗ್ತಿದ್ದಿಲ್ಲ. ನಾ ಇನ್ನಾ ಬಡಿಯಾಕತ್ತೀನಲ್ಲ? ಎಂಟು ಬರಕೋರಿ. ನಿನ್ನೆ ಏಳಿತ್ತು" ಎಂದಿದ್ದಳು. ವಿಕ್ರೋಳಿಯ ಒಂದು ಫ್ಯಾಕ್ಟರಿ ಗೇಟಿನ ಹತ್ತಿರ ಖಾನಾವಳಿಯಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು. ಹಿಟ್ಟಿಗೆ ನೀರು ಎಷ್ಟು ಬಿಸಿ ಬೇಕೆಂಬುದು ಬೆರಳಿಗೆ ಗೊತ್ತು, ಹಂಚು ಎಷ್ಟು ಕಾದಿದೆ ಎಂಬುದು ಮುಖಕ್ಕೆ ಗೊತ್ತು. ಅಳತೆ ಅಂದರೇನು ಅಂತ ಇವಳಿಗೆ ಯಾರು ಹೇಳಿಕೊಡಬೇಕು ಮಾರಾಯ್ರೇ! ಆ ದಿನವೇ ಹರಿಣಿಗೆ ಆಕೆಯ ಮೇಲೆ ಒಂದು ಬಗೆಯ ಗೌರವ ಹುಟ್ಟಿತ್ತು. ಹುಟ್ಟಿಯೂ ಸೊನ್ನೆ ಬರೆದಿದ್ದಳು.

ಬರೆಯದೆ ಏನು ಮಾಡುವುದು? ಕಂಡಿದ್ದು ಸೊನ್ನೆ. ಪರದೆಯ ಮೇಲೆ ಮಣಿಕಟ್ಟಿನ ಎಲುಬುಗಳು ಬಿಳೀ ಗೆರೆಯಾಗಿ ಸಾಲಾಗಿ ನಿಂತಿದ್ದವು, ನಡುವಿನ ಪೊರೆ ತೆಳ್ಳಗೆ, ಉರಿಯೂತ ಇದ್ದರೆ ಮಿಣುಕಬೇಕಾದ ಕೆಂಪು ಚುಕ್ಕೆ ಒಂದೂ ಇರಲಿಲ್ಲ. ಬೆರಳ ಗೆಣ್ಣುಗಳೂ ಹಾಗೆಯೇ. ಎರಡನೇ ಸಲವೂ ಹಾಗೆಯೇ. ಎರಡನೇ ಸಲ ಹೊರಡುವಾಗ ಬಾಗಿಲ ಹತ್ತಿರ ನಿಂತು ಕಸ್ತೂರಿಬಾಯಿ ಕೇಳಿದ್ದಳು: "ಬಾಯಾರ, ನಿಮ್ಮ ಮಷಿನ್ಯಾಗ ಖರೇನಽ ಏನೂ ಕಾಣಲಿಲ್ಲೇನ್ರಿ?" ಏನೂ ಇಲ್ಲ, ನಾರ್ಮಲ್ ಉಂಟು, ಒಳ್ಳೆಯದೇ ಅಲ್ವಾ ಎಂದು ಹರಿಣಿ ನಕ್ಕಿದ್ದಳು. ಆ ನಗು ಈಗ ನೆನಪಾದರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. "ನಮ್ಮ ಮಗ ಶ್ರೀಮಂತನೂ ಹಂಗಽ ಅಂದ. ನಾರ್ಮಲ್ ಅಂತ ಬರದಾರ, ಆಯಿ, ನೀ ಸುಮ್ಮ ಕೆಲಸಾ ತಪ್ಪಸಾಕ ನೋಡತಿ ಅಂದ" ಎಂದು ಮಗನ ಮಾತನ್ನು ಹೇಳಿ ಆಕೆಯೂ ನಕ್ಕಿದ್ದಳು. ಇಬ್ಬರೂ ನಕ್ಕಿದ್ದರು. ಹೊರಗೆ ಮುಂದಿನ ನಂಬರು ಕಾಯುತ್ತಿತ್ತು.

ಕಂಬಿ ಹಿಡಿದ ಕೈ ಎಡಗೈ ಎಂಬುದು ಹರಿಣಿಗೆ ಗಮನಕ್ಕೆ ಬಂದದ್ದು ಇಳಿಯುವಾಗ. ಯಾವಾಗಲೂ ಅದೇ ಮೊದಲು ಮುಂದೆ ಬರುತ್ತದೆ. ಸಾಂತಾಕ್ರೂಜ್ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಅಪ್ಪ ಮೋನಪ್ಪ ಗಲ್ಲಾದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ ಕಾಲ. ಎಂಟು ವರ್ಷವಿರಬೇಕು, ರಜೆಯ ದಿನ. ಸಫಾರಿ ಸೂಟಿನ ಗಿರಾಕಿಯೊಬ್ಬರಿಗೆ ಸೋಂಪಿನ ಬಟ್ಟಲನ್ನು ನಗುನಗುತ್ತಾ ಎಡಗೈಯಲ್ಲಿ ಚಾಚಿದ್ದಳು. ಫಟ್ ಅಂತ ಬಿತ್ತು ಅಪ್ಪನ ಏಟು, ಮೊಣಕೈಯ ಮೇಲೆ, ಸೋಂಪೆಲ್ಲ ಚೆಲ್ಲಿ ಕಲ್ಲಿನ ನೆಲದ ಮೇಲೆ ಹರಡಿತು. ಬಡಿಸುವ ಸದಾನಂದ ಅಣ್ಣ ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ನಿಂತು ನೋಡಿದ್ದ. ಪರವಾಗಿಲ್ಲ ಬಿಡಿ ಶೆಟ್ರೇ, ಮಗು ಅಂತ ಗಿರಾಕಿ ಅಂದಿದ್ದೇ ಏಟಿಗಿಂತ ಹೆಚ್ಚು ಚುರ್ರೆನಿಸಿತ್ತು. ಬರೆಯುವುದಕ್ಕೆ ಬೇಕಾದರೆ ಎಡಗೈ ಇರಲಿ, ಟೀಚರಿಗೂ ಸಾಕಾಗಿದೆ, ಆದರೆ ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದು ಬಲಗೈಯಲ್ಲೇ ಎಂದು ಅವತ್ತು ರಾತ್ರಿ ಮನೆಯಲ್ಲಿ ತೀರ್ಪಾಗಿತ್ತು. ಇಪ್ಪತ್ತಾರು ವರ್ಷ ಕಳೆದು ಡಾಕ್ಟರಾದ ಮೇಲೂ, ಜನರ ಎದುರು ಸಹಿ ಹಾಕಬೇಕಾದಾಗ ಅವಳು ಸ್ವಲ್ಪ ತಿರುಗಿ ಕೂರುತ್ತಾಳೆ. ಚರ್ಮದ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಪ್ರೋಬ್ ಹಿಡಿಯುವುದನ್ನು ಬಲಗೈಯಲ್ಲೇ ಕಲಿತದ್ದು. ಯಂತ್ರವನ್ನು ಮಾಡಿದವರೂ ಅಪ್ಪನ ಕಡೆಯವರೇ ಇರಬೇಕು.

ಹನ್ನೊಂದೂವರೆಗೆ ಕಸ್ತೂರಿಬಾಯಿ ಬಂದಳು. ನೈಲಾನ್ ಸೀರೆಯ ಸೆರಗನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು, ಬಲಗೈಯಲ್ಲಿ ಬಟ್ಟೆಯ ಗಂಟೊಂದನ್ನು ಎದೆಗೆ ಒತ್ತಿ ಹಿಡಿದು, ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು. ಕೋಣೆಯಲ್ಲಿ ಎಂದಿನಂತೆ ದೀಪ ಮಂದವಾಗಿತ್ತು, ಎ.ಸಿ. ಜೋರಾಗಿತ್ತು. "ನಿಮ್ಮ ಈ ಖೋಲಿ ಭಾಳ ಥಂಡಿ ನೋಡ್ರಿ" ಎಂದು ಕೂತಳು. ಗೆರೆಯ ಕಾಗದ ಕೊಟ್ಟರೆ ಈ ಸಲ ದೂರವೂ ಹಿಡಿಯಲಿಲ್ಲ, ಹತ್ತಿರವೂ ಹಿಡಿಯಲಿಲ್ಲ, ನೇರವಾಗಿ ಬೆರಳಿಟ್ಟಳು. ಎಂಟು. ಏನೂ ಇಲ್ಲ ಎಂದು ಎರಡು ಸಲ ಬರೆದುಕೊಟ್ಟವರ ಎದುರು, ನಾಟಕ ಎಂದ ಮಗನ ಮನೆಯಿಂದ ಎದ್ದು ಬಂದು, ಮೂರನೇ ಸಲವೂ ಎಂಟು. ಒಂಬತ್ತು ಮಾಡಿ ಗಮನ ಸೆಳೆಯೋಣ ಅನ್ನಲಿಲ್ಲ, ನಾಲ್ಕಕ್ಕೆ ಇಳಿಸಿ ಇವರನ್ನು ಖುಷಿಪಡಿಸೋಣ ಅಂತಲೂ ಅನ್ನಲಿಲ್ಲ. ತಾನಾಗಿದ್ದರೆ? ತಾನು ನಾಲ್ಕು ಅನ್ನುತ್ತಿದ್ದೆ, ಎರಡೂ ಅನ್ನುತ್ತಿದ್ದೆ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಅಂತಲೂ ಹೇಳಿ ಎದ್ದುಹೋಗುತ್ತಿದ್ದೆ ಎಂದು ಹರಿಣಿಗೆ ನಾಚಿಕೆಯಾಯಿತು.

"ಯಾವ ಕೈ ಜಾಸ್ತಿ ನೋವುಂಟೋ ಅದನ್ನು ಮೇಜಿನ ಮೇಲೆ ಇಡಿ" ಎಂದಳು, ಪ್ರತಿಯೊಬ್ಬರಿಗೂ ಹೇಳುವ ಹಾಗೆ. ಒಬ್ಬರಿಗೆ ಇಪ್ಪತ್ತು ನಿಮಿಷ. ಎರಡೂ ಕೈ ನೋಡುತ್ತ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಹೆಚ್ಚು ನೋಯುವ ಬದಿಯನ್ನು ನೋಡಿದರೆ ಸಾಕೆಂಬುದು ಲೆಕ್ಕ. ಜೆಲ್ ಹಚ್ಚಿದ ಪ್ರೋಬ್ ಬಲಗೈಯಲ್ಲಿ ಸಿದ್ಧವಾಗಿತ್ತು. ಕಸ್ತೂರಿಬಾಯಿ ಬಲಗೈಯನ್ನು ಮುಂದೆ ತಂದಳು, ಆದರೆ ಅದರಲ್ಲಿ ಇನ್ನೂ ಆ ಗಂಟು ಇತ್ತು. "ಅಯ್ಯ, ಇದನ್ನ ಮರತಽ ಬಿಟ್ಟಿದ್ದೆ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿರಿ. ನಿಮಗಂತ ತಂದೇನಿ. ತಿಂಗಳಿಟ್ರೂ ಕೆಡೂದಿಲ್ಲ." ಹರಿಣಿ ಖುಷಿಯಿಂದ, ಪ್ರೋಬ್ ಕೆಳಗಿಡುವಷ್ಟೂ ತಾಳ್ಮೆಯಿಲ್ಲದೆ, ಖಾಲಿಯಿದ್ದ ಕೈಯನ್ನು ಚಾಚಿದಳು.

ಗಂಟು ಅಲ್ಲೇ ನಿಂತಿತು. ಕಸ್ತೂರಿಬಾಯಿ ಅದನ್ನು ಬಿಡಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. "ಸಿಟ್ಟಾಗಬ್ಯಾಡ್ರಿ ಬಾಯಾರ, ಬಲಗೈಲೆ ತಗೋರಿ. ಅನ್ನ ಅದು." ಮಾತು ಮೆತ್ತಗಿತ್ತು, ಬಹಳ ಮರ್ಯಾದೆಯಿತ್ತು. ಆದರೂ ಹರಿಣಿಯ ಎಡ ಮೊಣಕೈ ಚುರ್ರೆಂದಿತು, ಕಲ್ಲಿನ ನೆಲದ ಮೇಲೆ ಸೋಂಪು ಹರಡಿತು, ಸದಾನಂದ ಅಣ್ಣ ತಟ್ಟೆ ಹಿಡಿದು ನಿಂತ. ಕೈಯನ್ನು ಹಿಂದಕ್ಕೆಳೆದುಕೊಂಡು ಸಾರಿ ಸಾರಿ ಎಂದು ತೊದಲುತ್ತಿರುವಾಗಲೇ ಅವಳ ಕಣ್ಣು ಎದುರಿಗಿದ್ದ ಸೆರಗಿನ ಮೇಲೆ ಬಿತ್ತು. ಎರಡು ಸುತ್ತು ಸುತ್ತಿದ ಸೆರಗು. ಅದರೊಳಗಿನ ಕೈಯನ್ನು ಮೂರು ಭೇಟಿಯಲ್ಲಿ ತಾನು ಒಮ್ಮೆಯೂ ನೋಡಿಲ್ಲ. ಪ್ರೋಬನ್ನು ಕೆಳಗಿಟ್ಟಳು.

"ಕಸ್ತೂರಿಬಾಯಿ, ನಿಮಗೆ ಜಾಸ್ತಿ ನೋವು ಯಾವ ಕೈಗೆ?"

"ಎಡಗೈಗ್ರಿ."

"ಮತ್ತೆ ಎರಡು ಸಲವೂ ಬಲಗೈ ಇಟ್ಟಿರಲ್ಲ?"

ಕಸ್ತೂರಿಬಾಯಿ ಅವಳನ್ನು ಅಚ್ಚರಿಯಿಂದ ನೋಡಿದಳು. ಡಾಕ್ಟರು ಇಷ್ಟು ಓದಿ ಇದನ್ನು ಕೇಳುತ್ತಾರಲ್ಲ ಎನ್ನುವ ಹಾಗೆ. "ಡಾಕ್ಟರ ಮುಂದ ಎಡಗೈ ಹೆಂಗ ಚಾಚೂದ್ರಿ? ಅದೂ ನಿಮ್ಮಂಥ ಹೆಣಮಗಳ ಮುಂದ, ಮೇಜಿನ ಮ್ಯಾಲ? ಬಲಗೈನೂ ನೋಯ್ತೈತ್ರಿ, ಸುಳ್ಳಲ್ಲ. ಎರಡು, ಮೂರು ಇರತೈತಿ. ಮತ್ತ ರಕ್ತಾ ತಗಿಯೂವಾಗ ಒಂದಽ ಕೈಯಿಂದ ತಗೀತೀರಿ, ಇಡೀ ಮೈಯಾಗಿನ ರೋಗ ಗೊತ್ತಾಗ್ತೈತಿ. ಇದೂ ಹಂಗಽ ಅಂತ ತಿಳದಿದ್ದೆ."

ಆಕೆಯ ತರ್ಕದಲ್ಲಿ ಸೂಜಿ ತೂರಿಸುವಷ್ಟು ಸಂದಿಯಿರಲಿಲ್ಲ. ಸಂದಿ ಇದ್ದದ್ದೆಲ್ಲ ತನ್ನ ಪ್ರಶ್ನೆಯಲ್ಲಿ. ಹರಿಣಿ ಗಂಟನ್ನು ಹಾಗೇ ಮೇಜಿನ ತುದಿಗೆ ಇಡಿಸಿದಳು. ಸೆರಗಿನ ಸುತ್ತು ಬಿಚ್ಚಿದಾಗ ಯಂತ್ರವೇ ಬೇಕಾಗಿರಲಿಲ್ಲ; ಮಣಿಕಟ್ಟು ಹಿಟ್ಟು ಉಬ್ಬಿದಂತೆ ಉಬ್ಬಿತ್ತು, ಚರ್ಮ ಬೆಚ್ಚಗಿತ್ತು. ಪ್ರೋಬನ್ನು ತೀರಾ ಹಗುರವಾಗಿ ಇಟ್ಟಳು. ಬಿಳೀ ಗೆರೆಗಳ ನಡುವಿನ ಪೊರೆ ದಪ್ಪವಾಗಿ ಊದಿಕೊಂಡು ಕಪ್ಪಗೆ ತುಂಬಿತ್ತು. ಗುಂಡಿ ಒತ್ತಿದ್ದೇ ತಡ, ಆ ಕಪ್ಪಿನಲ್ಲಿ ಕೆಂಪು ಚುಕ್ಕೆಗಳು ಎದ್ದವು, ಒಂದಲ್ಲ, ಎರಡಲ್ಲ, ಎದೆಬಡಿತದ ಲಯಕ್ಕೆ ಸರಿಯಾಗಿ ಮಿಣುಕುತ್ತ ಇಡೀ ಕೀಲನ್ನೇ ತುಂಬಿದವು. ಬೆರಳ ಬುಡದಲ್ಲೂ ಅದೇ. ಎಲುಬಿನ ಅಂಚಿನಲ್ಲಿ ಒಂದು ಕಡೆ ಇಲಿ ಕಡಿದಷ್ಟು ಜಾಗ ಇಲ್ಲವಾಗಿತ್ತು. ಅದು ಒಂದು ವಾರದಲ್ಲಿ ಆಗುವಂಥದ್ದಲ್ಲ. ಮೊದಲನೇ ಸೊನ್ನೆ ಬರೆದ ದಿನವೂ ಇಲ್ಲಿ ಹೀಗೇ ಉರಿಯುತ್ತಿತ್ತು, ಸೆರಗಿನೊಳಗೆ, ಮೂರು ಅಡಿ ದೂರದಲ್ಲಿ.

"ಅಲ್ಲಿ ಕೆಂಪಗ ಕಾಣಾಕತ್ತೈತಲ್ಲ, ಅದಽ ಏನ್ರಿ ನನ್ನ ಎಂಟು?" ಕಸ್ತೂರಿಬಾಯಿ ಪರದೆಯ ಕಡೆ ಬಾಗಿ ಕೇಳಿದಳು. ಮುಖದಲ್ಲಿ ಹೆದರಿಕೆಯಿರಲಿಲ್ಲ, ಕಳೆದುಹೋದ ಸಾಮಾನು ಸಿಕ್ಕಿದವರ ನೆಮ್ಮದಿಯಿತ್ತು. ಹೌದು ಎಂದಳು ಹರಿಣಿ. "ಈ ಕೈಯಲ್ಲಿ ನೀವು ಏನು ಮಾಡುವುದು? ಬಡಿಯುವುದು ಬಲಗೈಯಲ್ಲಿ ಅಲ್ವಾ?"

"ಬಡಿಯೂದು ಬಲಗೈರಿ, ಎಲ್ಲಾರಿಗೂ ಕಾಣೂದು ಅದಽ. ತಿರುವೂದು ಎಡಗೈ. ತಿರುವಲಿಲ್ಲಂದ್ರ ರೊಟ್ಟಿ ದುಂಡಗ ಆಗೂದಿಲ್ಲ, ಒಂದ ಕಡೆ ಹರದ ಹೋಗತೈತಿ. ಈಗ ಮಣಿಕಟ್ಟು ತಿರುಗೂದಿಲ್ಲ ನೋಡ್ರಿ, ಅದಕ್ಕ ರೊಟ್ಟಿ ಬಡಿಯೂ ಪರಾತನಽ ತಿರುವತೀನಿ, ಮುಂಗೈಲೆ ದೂಡಿ ದೂಡಿ. ಖಾನಾವಳಿ ಮಾಲಕ ದಾನಪ್ಪಗ ಇನ್ನಾ ಗೊತ್ತಿಲ್ಲ. ರೊಟ್ಟಿ ದುಂಡಗಽ ಅದಾವ." ಹೇಳುತ್ತ ಆಕೆಗೆ ಸಣ್ಣ ಹೆಮ್ಮೆಯ ನಗು ಬಂತು. ಹರಿಣಿ ಪರದೆ ನೋಡಿದಳು, ಆ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಈ ಕೈಯಿಂದ ದಿನಕ್ಕೆ ಇನ್ನೂರು ಸಲ! ಯಾರೂ ನಂಬದಿದ್ದಾಗಲೂ ಎಂಟನ್ನು ಎಂಟೇ ಅಂದವಳು. ಏಳು ವರ್ಷದ ತನ್ನ ಓದಿನಲ್ಲಿ ಇಷ್ಟು ಕರಾರುವಾಕ್ಕಾದ ಯಂತ್ರವನ್ನು ತಾನು ಮುಟ್ಟಿಲ್ಲ ಎಂದು ಅನಿಸಿ ಅವಳ ಕಣ್ಣು ಹನಿಗೂಡಿತು, ಮಂದ ದೀಪ ಒಳ್ಳೆಯದೇ ಆಯಿತು.

ಅಮೋಲ್ ಸರ್ ತಮ್ಮ ಕೋಣೆಯಲ್ಲಿ ಪುಣೆಯ ಸಮ್ಮೇಳನಕ್ಕೆ ಐವತ್ತು ರೋಗಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದರು. ಹರಿಣಿ ಕಂಡದ್ದನ್ನೆಲ್ಲ ಹೇಳಿದ ಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಗುಳಿಗೆ ನಿಲ್ಲಿಸುವ ಮಾತೇ ಇಲ್ಲ, ಏರಿಸೋಣ, ಇವತ್ತೇ ಎಂದರು. ಆಮೇಲೆ, ಹಳೆಯ ರಿಪೋರ್ಟುಗಳ ತಂಟೆಗೆ ಹೋಗಬೇಡ ಹರಿಣಿ, ಆಕೆ ತೋರಿಸಿದ ಕೈಯನ್ನು ನೀನು ನೋಡಿದ್ದೀಯ, ನಿಯಮದ ಪ್ರಕಾರವೇ ಆಗಿದೆ. ಹೊಸದಾಗಿ ಬಾವು ಬಂದಿದೆ ಅಂತ ಬರೆ, ಆಕೆಗೆ ಔಷಧಿ ಸಿಕ್ಕರೆ ಸಾಕಲ್ಲ ಎಂದರು ಮರಾಠಿಯಲ್ಲಿ, ಕರುಣೆಯಿಂದಲೇ. ಅಬ್ಬ, ಎಷ್ಟು ಸಲೀಸು! ಹೊಸದಾಗಿ ಎನ್ನುವ ಒಂದೇ ಮಾತು ಸಾಕು, ತಾನು ಪಾರು, ಸರ್ ಪಾರು, ಕಸ್ತೂರಿಬಾಯಿಗೂ ಗುಳಿಗೆ. ಹೂಂ ಅಂತ ಹೊರಟೂಬಿಟ್ಟಳು, ಬಾಗಿಲ ಹಿಡಿಕೆಯ ಮೇಲೆ ಕೈಯಿತ್ತು. ಆ ಹೂಂ ಎಷ್ಟು ಬೇಗ ಬಂತಲ್ಲ ಎಂದು ಅಲ್ಲೇ ನಿಂತಳು. ಆರು ತಿಂಗಳು ಆ ಹೆಂಗಸು ಸುಳ್ಳಿಯಾಗಿ ಬದುಕಿದ್ದಾಳೆ, ಮಗನ ಬಾಯಲ್ಲಿ. ಹೊಸದಾಗಿ ಎಂದು ಬರೆದರೆ ಆ ಆರು ತಿಂಗಳೂ ಸುಳ್ಳೇ ಆಗಿ ಉಳಿಯುತ್ತವೆ.

ವಾಪಸು ಬಂದು, ಸರ್, ಆ ಪಟ್ಟಿಯಲ್ಲಿ ಯಾವ ಬದಿ ನೋಡಿದೆವು ಅಂತ ಒಂದು ಅಂಕಣ ಉಂಟಲ್ಲ, ಸ್ವಲ್ಪ ಕೆಳಗೆ ಎಳೆಯಿರಿ ಎಂದಳು. ಎಳೆದರು. ಬಲ, ಬಲ, ಬಲ, ಬಲ. ನಡುವೆ ಎಲ್ಲೋ ಒಂದು ಎಡ. ಮತ್ತೆ ಬಲ, ಬಲ. ಇಬ್ಬರೂ ಕೊನೆಯವರೆಗೂ ಎಣಿಸಿದರು. ಐವತ್ತರಲ್ಲಿ ನಲವತ್ತಾರು. ಬಲಗೈ ಕೆಲಸದ ಕೈ ಅಂತ ಎಷ್ಟು ರಿಯಾಯಿತಿ ಕೊಟ್ಟರೂ ನಲವತ್ತಾರು ಆಗುವ ಲೆಕ್ಕ ಅಲ್ಲ ಅದು. ಅಮೋಲ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಆಯಿಯೂ ಬಲಗೈಯನ್ನೇ ಇಡುತ್ತಿದ್ದಳು ಅಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಪುಣೆಯವರಿಗೆ ಬರುವುದಿಲ್ಲ ಅಂತ ತಿಳಿಸುತ್ತೇನೆ, ಎಲ್ಲರನ್ನೂ ಮತ್ತೆ ಕರೆಸು, ಎರಡೂ ಕೈ ನೋಡು, ನೀನು ಬರೆಯಬೇಕಾದ್ದನ್ನು ಬರೆ, ನಾನೂ ಕೆಳಗೆ ಸಹಿ ಹಾಕುತ್ತೇನೆ ಎಂದರು. ಎರಡು ವರ್ಷದ ಕೆಲಸ ಅದು. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು ಹರಿಣಿಗೆ.

ಕಸ್ತೂರಿಬಾಯಿ ಅದೇ ಕುರ್ಚಿಯಲ್ಲಿ, ಅದೇ ಥಂಡಿಯಲ್ಲಿ ಕಾದು ಕೂತಿದ್ದಳು. ಹರಿಣಿ ಹಳೆಯ ಎರಡು ರಿಪೋರ್ಟುಗಳ ಪ್ರತಿಯನ್ನು ಎದುರಿಗೆ ಹರಡಿದಳು. ತಪ್ಪು ನನ್ನದು ಎಂದು ಶುರು ಮಾಡಿ, ಎಲ್ಲವನ್ನೂ ಬಿಡಿಸಿ ಹೇಳಿದಳು; ಮೂಳೆ ಸ್ವಲ್ಪ ಸವೆದಿದೆ, ಅದು ವಾಪಸು ಬರುವುದಿಲ್ಲ, ಮುಂದೆ ಸವೆಯದ ಹಾಗೆ ಔಷಧಿ ಏರಿಸಿದ್ದಾರೆ, ಆರು ತಿಂಗಳ ಹಿಂದೆ ಏರಿಸಬಹುದಿತ್ತು. ಬೈದರೆ ಬೈಯಲಿ ಎಂದು ಕಾದಳು. ಕಸ್ತೂರಿಬಾಯಿ ತನ್ನ ಎಡಗೈಯನ್ನು ಮಡಿಲಲ್ಲಿಟ್ಟು ನೋಡಿದಳು. ಆಮೇಲೆ, "ಇದನ್ನೆಲ್ಲಾ ಈ ಕಾಗದದಾಗ ಬರೀತೀರೇನ್ರಿ? ಶ್ರೀಮಂತಗ ತಿಳಿಯೂ ಹಂಗ? ಅವ ಮುನಸಿಪಾಲ್ಟಿ ಕನ್ನಡ ಸಾಲ್ಯಾಗ ಏಳನೇತ್ತ ತನಕ ಓದ್ಯಾನ" ಎಂದಳು. ಅಷ್ಟೇ ಬೇಕಾಗಿತ್ತು ಆಕೆಗೆ.

ಹರಿಣಿ ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ಪೆನ್ನು ತೆಗೆದು, ಈ ಸಲ ತಿರುಗಿ ಕೂರುವುದನ್ನೂ ಮರೆತು, ನಾರ್ಮಲ್ ಎಂಬ ಅಚ್ಚಿನ ಕೆಳಗೆ ಒಂದೊಂದೇ ಅಕ್ಷರ ಜೋಡಿಸಿದಳು: ಇದು ಕಡಿಮೆ ನೋವಿರುವ ಕೈಯ ಪರೀಕ್ಷೆ. ಹೆಚ್ಚು ನೋವಿರುವ ಕೈಯನ್ನು ನಾನು ನೋಡಿರಲಿಲ್ಲ. ಕಸ್ತೂರಿಬಾಯಿ ನೋವು ಎಂಟು ಎಂದು ಹೇಳಿದ್ದು ಸರಿ. ಕೆಳಗೆ ಸಹಿ, ತಾರೀಕು. ಎರಡನೇ ಕಾಗದದಲ್ಲೂ ಹಾಗೆಯೇ. ಮೇಲೆ ನೋಡಿದಾಗ ಕಸ್ತೂರಿಬಾಯಿ ಕಾಗದವನ್ನು ನೋಡುತ್ತಿರಲಿಲ್ಲ, ಪೆನ್ನು ಹಿಡಿದ ಕೈಯನ್ನು ನೋಡುತ್ತಿದ್ದಳು.

"ನೀವು ಎಡಗೈಯವರಽ ಏನ್ರಿ?"

"ಹೌದು."

"ಸಣ್ಣಾಕಿದ್ದಾಗ ಬೈಸಿಕೊಂಡಿರಬೇಕಲ್ರಿ ಮನ್ಯಾಗ?"

"ಏಟೂ ತಿಂದಿದ್ದೇನೆ."

"ಮತ್ತ ನೀವಾದ್ರೂ ಕೇಳಬೇಕಿತ್ತಲ್ರಿ, ಬಾಯಾರ" ಎಂದಳು ಕಸ್ತೂರಿಬಾಯಿ. ಸಿಟ್ಟಿರಲಿಲ್ಲ ದನಿಯಲ್ಲಿ. ಗೆರೆಯ ಮೇಲೆ ಬೆರಳಿಡುವಾಗ ಇದ್ದ ದನಿಯೇ ಅದು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆರು ತಿಂಗಳಲ್ಲಿ ಆಕೆ ಆಡಿದ ದೂರು ಅದೊಂದೇ. ಹರಿಣಿ ಎರಡೂ ಕಾಗದಗಳನ್ನು ಆಕೆಯ ಕಡೆ ಸರಿಸಿದಳು.

ಕುರ್ಚಿ ಸರಿದ ಸದ್ದಾಯಿತು. ಕಸ್ತೂರಿಬಾಯಿ ಕಾಗದಗಳನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಜಿನ ತುದಿಯಲ್ಲಿದ್ದ ಗಂಟನ್ನು ಬಲಗೈಯಲ್ಲಿ ಎತ್ತಿ ಮುಂದೆ ಹಿಡಿದಳು. ಹರಿಣಿ ಪೆನ್ನನ್ನು ಕೆಳಗಿಟ್ಟು, ಬಲಗೈಯನ್ನು ಬಟ್ಟೆಗೆ ಒರೆಸಿಕೊಂಡು, ಸರಿಯಾಗಿ, ಅಪ್ಪ ಕಲಿಸಿದ ಹಾಗೆ ಚಾಚಿದಳು. ಗಂಟು ಮತ್ತೆ ಅಲ್ಲೇ ನಿಂತಿತು.

"ಆ ಕೈ ಬ್ಯಾಡ್ರಿ" ಎಂದಳು ಕಸ್ತೂರಿಬಾಯಿ. "ಕಾಗದ ಬರದ ಕೈಲೆ ತಗೋರಿ."

ಹರಿಣಿ ಎಡಗೈಯನ್ನು ಮುಂದೆ ತಂದಳು. ರೊಟ್ಟಿಯ ಗಂಟು ಅವಳು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು.